ಬೂತ್ ಬಿಡುವಾಗ ಮುಂದಿನವರ ನೆನಪಿರಲಿ

ಆಷಾಢದ ಗಾಳಿ ಎದ್ದಿತೆಂದರೆ ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಬಯಲಲ್ಲಿ ಪೇಂಟ್ ಹೊಡೆಯುವ ಮಾತೇ ಇಲ್ಲ. ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ನುಣ್ಣನೆಯ ಪುಡಿ ಕಿಟಕಿ ಸಂದಿಯಲ್ಲೂ ನುಗ್ಗುತ್ತದೆ. ಹಸಿ ಬಣ್ಣದ ಮೇಲೆ ಕೂತರೆ ಮತ್ತೆ ಉಜ್ಜಿ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಹಳೆಯ ಬೈಕು, ಸ್ಕೂಟರುಗಳಿಗೆ ಹೊಸ ಬಣ್ಣ ಕೊಡುವ ಗೀಳಿರುವ ನಮ್ಮಂಥವರು ರಾಬರ್ಟ್‌ಸನ್‌ಪೇಟೆಯಲ್ಲಾಗಲಿ, ಬಂಗಾರಪೇಟೆಯಲ್ಲಾಗಲಿ, ಮುಚ್ಚಿದ ಬೂತ್ ಇರುವ ಗ್ಯಾರೇಜನ್ನೇ ಹುಡುಕಿಕೊಂಡು ಹೋಗುತ್ತೇವೆ. ಸ್ವಂತ ಬೂತ್ ಕಟ್ಟಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಇರುವ ಒಂದರಲ್ಲೇ ನಾಲ್ಕಾರು ಜನ ಸರದಿಯ ಮೇಲೆ ಕೆಲಸ ಮಾಡಬೇಕು. ಅಂಥ ಕಡೆ ಫಿನಿಶ್ ಚೆನ್ನಾಗಿ ಬರುವುದು ಕೈಚಳಕದಿಂದ ಮಾತ್ರವಲ್ಲ, ನಮಗಿಂತ ಮೊದಲು ಬೂತ್ ಬಳಸಿದವರು ಅದನ್ನು ಹೇಗೆ ಬಿಟ್ಟುಹೋದರು ಎಂಬುದರಿಂದಲೂ.

ಒಂದು ಉದಾಹರಣೆ. ಟೈರು, ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ಎಷ್ಟೋ ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ. ಬೂತ್‌ನೊಳಗೆ ಯಾರೋ ಒಮ್ಮೆ ಅದನ್ನು ಹೊಡೆದರೆ ಸಾಕು, ಕಣ್ಣಿಗೆ ಕಾಣದ ಹನಿಗಳು ಗೋಡೆಗೆ, ಹೋಸಿಗೆ ಅಂಟಿ ಉಳಿಯುತ್ತವೆ. ಮರುದಿನ ಇನ್ನೊಬ್ಬರು ಪೆಟ್ರೋಲ್ ಟ್ಯಾಂಕಿಗೆ ಬಣ್ಣ ಹೊಡೆದಾಗ ಅದು ಅಲ್ಲಲ್ಲಿ ಹಿಂದೆ ಸರಿದು ಸಾಸಿವೆ ಗಾತ್ರದ ಗುಂಡನೆಯ ಗುಳಿ ಬೀಳುತ್ತದೆ. ಪೇಂಟರುಗಳು ಫಿಶ್ ಐ ಎನ್ನುವ ದೋಷ ಇದೇ. ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಸುಲಭಕ್ಕೆ ಮುಚ್ಚದು. ಪಾಲಿಶ್ ಕೆಲಸ ಬೂತ್‌ನಿಂದ ದೂರವೇ ಆಗಬೇಕು.

ಪುಟ್ಟಿ ಉಜ್ಜುವುದೂ ಹೊರಗೇ, ಅದರಲ್ಲೂ ಧೂಳೇಳದಂತೆ ನೀರು ಹಾಕಿ ವಾಟರ್ ಪೇಪರ್‌ನಲ್ಲಿ. ಗಣಿಯಲ್ಲಿ ಬಂಡೆ ಕೊರೆಯುವಾಗ ನೀರು ಬಿಡುವುದು ಯಾಕೆಂದು ಕೆಜಿಎಫ್‌ನವರಿಗೆ ಹೇಳಿಕೊಡಬೇಕಿಲ್ಲ. ಹಳೆಯ ಗಾಡಿಗಳ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣದಾಗಿ ಉಜ್ಜಿದರೆ ಆ ಪುಡಿ ನೇರ ಉಸಿರಿಗೆ ಹೋಗುತ್ತದೆ.

ಇನ್ನು ಬೆಂಕಿಯ ಮಾತು. ಥಿನ್ನರ್ ಆವಿ ಗಾಳಿಗಿಂತ ಭಾರ. ಅದು ನೆಲಮಟ್ಟದಲ್ಲಿ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ನೆಲದ ಮೇಲಿಟ್ಟ ಎಕ್ಸ್‌ಟೆನ್ಶನ್ ಬಾಕ್ಸ್, ಬಾಗಿಲಾಚೆಯ ವೆಲ್ಡಿಂಗ್, ಸಾಮಾನ್ಯ ಮೋಟಾರಿನ ಫ್ಯಾನು, ಯಾವುದರ ಕಿಡಿಯೂ ಅದಕ್ಕೆ ಸಾಕು. ಎಕ್ಸಾಸ್ಟ್ ಫ್ಯಾನಿನ ಮೋಟಾರು ಫ್ಲೇಮ್‌ಪ್ರೂಫ್ ಆಗಿರಲೇಬೇಕು. ಬೈಕಿನ ಟ್ಯಾಂಕು ಖಾಲಿಯಾದರೂ ಒಳಗೆ ಪೆಟ್ರೋಲ್ ಆವಿ ಇದ್ದೇ ಇರುತ್ತದೆ. ಪೂರ್ತಿ ತೊಳೆದು, ಒಣಗಿಸಿ, ಆಮೇಲೆ ಒಳಗೆ ತನ್ನಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು, ಎನಾಮೆಲ್ ಎರಡರ ಧೂಳೂ ಫಿಲ್ಟರಿನಲ್ಲಿ ಒಟ್ಟಿಗೆ ಸೇರಿದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಯಾವ ಪೇಂಟ್ ಹೊಡೆದಿರಿ, ಫಿಲ್ಟರ್ ಎಂದು ಬದಲಾಯಿಸಿದಿರಿ ಎಂದು ಬೂತ್‌ನ ಬಾಗಿಲ ಬೋರ್ಡಿನಲ್ಲಿ ಬರೆದಿಡುವುದು ಇದಕ್ಕೇ. ಬಣ್ಣ ಒರೆಸಿದ ಬಟ್ಟೆಗಳನ್ನು ಮೂಲೆಗೆ ಎಸೆಯದೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಉಳಿದ ಥಿನ್ನರನ್ನು ಚರಂಡಿಗೆ ಸುರಿಯಬೇಡಿ.

ಎಲ್ಲಕ್ಕಿಂತ ದೊಡ್ಡ ಅಪಾಯಕ್ಕೆ ವಾಸನೆಯೇ ಇಲ್ಲ. ಈಗಿನ ಪಿಯು (ಪಾಲಿಯುರೆಥೇನ್) ಪೇಂಟು ಮತ್ತು ಕ್ಲಿಯರ್ ಕೋಟ್‌ಗೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫಿನಿಂದ ಏನೂ ಪ್ರಯೋಜನವಿಲ್ಲ. ಎನ್95 ಮಾಸ್ಕ್ ಆವಿಯನ್ನು ತಡೆಯದು. ಥಿನ್ನರಿಗೆ ಕಾರ್ಟ್ರಿಡ್ಜ್ ಮಾಸ್ಕ್ ಬೇಕು, ಹಾರ್ಡ್‌ನರ್ ಬೆರೆಸಿದ ಬಣ್ಣಕ್ಕೆ ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕೇ ನಂಬಿಕೆಯದು. ಗನ್ ನಿಂತ ಮೇಲೂ ಮಂಜು ಬೂತ್‌ನಲ್ಲಿ ತೇಲುತ್ತಿರುತ್ತದೆ. ಫ್ಯಾನ್ ಓಡುತ್ತಿರಲಿ, ಗಾಳಿ ತಿಳಿಯಾಗುವವರೆಗೆ ಮಾಸ್ಕ್ ತೆಗೆಯಬೇಡಿ, ಬೇರೆಯವರನ್ನು ಒಳಗೆ ಕರೆಯಬೇಡಿ. ಕೆಲಸಕ್ಕೆ ಮುನ್ನ ಫಿಲ್ಟರಿನೆದುರು ತೆಳುವಾದ ಕಾಗದದ ಪಟ್ಟಿ ಹಿಡಿದು ನೋಡಿ. ಗಾಳಿ ಅದನ್ನು ಒಳಕ್ಕೆ ಎಳೆಯದಿದ್ದರೆ ಅವತ್ತು ಗನ್ ಮುಟ್ಟಬೇಡಿ. ಎಕ್ಸಾಸ್ಟ್ ಬಾಯಿ ಪಕ್ಕದ ಮನೆಯ ಬಟ್ಟೆ ಒಣಗುವ ಕಡೆಗೆ ತಿರುಗಿದ್ದರೆ ಅದನ್ನೂ ಸರಿಪಡಿಸಬೇಕು.

ಇಷ್ಟೆಲ್ಲ ಎಚ್ಚರ ಅತಿಯಾಯಿತು ಎನ್ನುವವರು ಈ ಊರಿನ ಇತಿಹಾಸ ನೋಡಬೇಕು. ಬಂಡೆಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ಕುರಿತು ಮೈಸೂರು ಸಂಸ್ಥಾನ ನಿಯಮಗಳನ್ನು ತಂದದ್ದು 1940ರಲ್ಲಿ. 1947ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಕೋಲಾರದ ಗಣಿಗಳ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿ, ಶೇ 40ಕ್ಕೂ ಹೆಚ್ಚು ಮಂದಿಯಲ್ಲಿ ಆ ಕಾಯಿಲೆಯನ್ನು ಗುರುತಿಸಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದರ ಧೂಳು ಶ್ವಾಸಕೋಶದಲ್ಲಿ ಉಳಿದವರ ಕೆಮ್ಮು ಅಂದಿಗೆ ನಿಲ್ಲಲಿಲ್ಲ. ಗಣಿಗಾದರೂ ಆಸ್ಪತ್ರೆ, ಎಕ್ಸ್‌ರೇ, ದಾಖಲೆ ಇತ್ತು. ಚಿಕ್ಕ ಗ್ಯಾರೇಜಿನಲ್ಲಿ ಬರಿಗೈಯಲ್ಲಿ ಥಿನ್ನರ್ ಅದ್ದಿ ಗನ್ ತೊಳೆಯುವ ಹುಡುಗನ ಎದೆಯೊಳಗೆ ಏನಾಗುತ್ತಿದೆ ಎಂದು ಯಾರೂ ಬರೆದಿಡುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಬೂತ್‌ನಿಂದ ಹೊರಡುವ ಮುನ್ನ ಕಂಪ್ರೆಸರ್‌ನ ನೀರು ಬಿಡಿ, ಗನ್ ತೊಳೆದಿಡಿ, ನೆಲ ಒರೆಸಿ, ಬೋರ್ಡಿನಲ್ಲಿ ಬರೆಯಿರಿ. ಮುಂದಿನ ಬಾರಿ ಪೇಂಟ್ ಅಂಗಡಿಗೆ ಹೋದಾಗ ಬಣ್ಣಕ್ಕಿಂತ ಮೊದಲು ಸರಿಯಾದ ಮಾಸ್ಕು, ಗ್ಲೌಸು ಕೊಳ್ಳಿ. ನಿಮಗೊಂದು ಜೊತೆ, ಗನ್ ತೊಳೆಯುವ ಹುಡುಗನಿಗೊಂದು ಜೊತೆ.