ಮಂಕಾಗುತ್ತಿರುವ ಒರೆಗಲ್ಲು: ೧೯೭೭ರ ರೇಡಿಯೊ ಪ್ರಮಾಣವೊಂದರ ವಿಮರ್ಶೆ

ರೇಡಿಯೊ ದೂರದರ್ಶಕದ ಆಂಟೆನ ಎಷ್ಟು ಸಮರ್ಥವೆಂಬುದನ್ನು ಅದರ ತಟ್ಟೆಯ ವ್ಯಾಸವೊಂದೇ ತಿಳಿಸಲಾರದು. ತಟ್ಟೆಯ ಮೇಲೆ ಬಿದ್ದ ಶಕ್ತಿಯೆಲ್ಲವೂ ಗ್ರಾಹಕವನ್ನು ಮುಟ್ಟುವುದಿಲ್ಲ. ಆದುದರಿಂದ ಪ್ರಬಲವಾದ ಆಕಾಶಮೂಲವೊಂದರ ಕಡೆಗೆ ಅದನ್ನು ತಿರುಗಿಸಿ, ಬಳಿಕ ಪಕ್ಕದ ಬರಿಯ ಆಕಾಶದತ್ತ ಹೊರಳಿಸಿ, ಎರಡರ ವ್ಯತ್ಯಾಸದಿಂದ ಪರಿಣಾಮಕ ವಿಸ್ತೀರ್ಣವನ್ನು ಗಣಿಸುವುದು ವಾಡಿಕೆ. ಆದರೆ ಆ ಮೂಲದ ಪ್ರಖರತೆ ಮೊದಲೇ ತಿಳಿದಿರಬೇಕಷ್ಟೆ. ಅದನ್ನು ಅಳೆದವರಾದರೂ ಆಂಟೆನದಿಂದಲೇ ಅಳೆದರಲ್ಲವೆ? ಈ ಚಕ್ರದಿಂದ ಹೊರಬರಲು ಕಹಳೆಯಾಕಾರದ ಆಂಟೆನ ದಾರಿ. ಅದರ ಆಕಾರ ಸರಳವಾದುದರಿಂದ ಸಾಮರ್ಥ್ಯವನ್ನು ಲೆಕ್ಕದಿಂದಲೇ ಪಡೆಯಬಹುದು.

ಬಾರ್ಸ್, ಗೆಂಟ್ಸೆಲ್, ಪಾಲಿನಿ-ಟೋತ್, ವಿಟ್ಸೆಲ್ ಇವರು ೧೯೭೭ರಲ್ಲಿ ಪ್ರಕಟಿಸಿದ ಪ್ರಬಂಧದ ಹಿರಿಮೆ ಇಲ್ಲಿದೆ. ಇಂಥ ನಿರಪೇಕ್ಷ ಅಳತೆಗಳನ್ನು ಜರಡಿಯಾಡಿ, ಕ್ಯಾಸಿಯೋಪಿಯ-ಎ ಎಂಬ ಸೂಪರ್‌ನೋವಾ ಅವಶೇಷದ ರೋಹಿತವನ್ನು ಅವರು ನಿಗದಿಗೊಳಿಸಿದರು. ಅವರ ಸೂತ್ರದಂತೆ ೧೯೮೦ರ ಆರಂಭದಲ್ಲಿ, ೧೦೦೦ ಮೆಗಾಹರ್ಟ್ಸ್ ಆವರ್ತಾಂಕದಲ್ಲಿ, ಅದರ ಬೆಲೆ ಸುಮಾರು ೨೭೨೦ ಜಾನ್ಸ್ಕಿ. ಒಂದೇ ಧ್ರುವೀಕರಣವನ್ನು ಗ್ರಹಿಸುವ ಆಂಟೆನದ ಉಷ್ಣತೆ ಒಂದು ಕೆಲ್ವಿನ್ ಏರಿದರೆ ಸರಿಸುಮಾರು ಒಂದು ಚದರ ಮೀಟರ್ ವಿಸ್ತೀರ್ಣವೆಂದಾಯಿತು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಅನುಕೂಲವಾದ ಲೆಕ್ಕ ದೊರೆಯದು! ೨೫ ಮೀಟರ್ ತಟ್ಟೆಯ ವಿಸ್ತೀರ್ಣ ೪೯೧ ಚದರ ಮೀಟರ್. ಏರಿಕೆ ೨೭೦ ಕೆಲ್ವಿನ್ ಎಂದಿಟ್ಟುಕೊಂಡರೆ ಅದರ ಸಾಮರ್ಥ್ಯ ನೂರಕ್ಕೆ ೫೫.

ನಮ್ಮ ಆಕ್ಷೇಪ ಇರುವುದು ಕಾಲದ ವಿಷಯದಲ್ಲಿ. ಶ್ಕ್ಲೋವ್ಸ್ಕಿ ೧೯೬೦ರಲ್ಲಿ ಊಹಿಸಿದಂತೆ, ಹೋಗ್‌ಬೊಮ್ ಮತ್ತು ಶೇಕ್‌ಷಾಫ್ಟ್ ೧೯೬೧ರಲ್ಲಿ ಅಳೆದು ತೋರಿದಂತೆ, ಈ ಮೂಲ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿದೆ. ಪ್ರಬಂಧಕಾರರು ಇದನ್ನು ಮರೆತವರಲ್ಲ. ೧೦೦೦ ಮೆಗಾಹರ್ಟ್ಸ್‌ನಲ್ಲಿ ವರ್ಷಕ್ಕೆ ನೂರಕ್ಕೆ ೦.೯೭ರಂತೆ, ಆವರ್ತಾಂಕ ಹೆಚ್ಚಿದಷ್ಟೂ ಕಡಮೆಯಾಗುವಂತೆ, ಕ್ಷಯಕ್ಕೂ ಒಂದು ಸೂತ್ರವನ್ನು ಕೊಟ್ಟರು. ಅಲ್ಪಾವಧಿಯ ಅಳತೆಗಳಿಂದ ಹುಟ್ಟಿದ ಆ ಸೂತ್ರವನ್ನು ಮುಂದಿನ ದಶಕಗಳಿಗೂ ಎಳೆಯಬಹುದೆಂದು ಓದುಗರು ನಂಬಿದುದು ಅಚ್ಚರಿಯಲ್ಲ. ೨೦೧೭ರಲ್ಲಿ ಪ್ರಕಟವಾದ, ಅರ್ಧಶತಮಾನವನ್ನು ಮೀರಿದ ಅವಧಿಯ ವಿಶ್ಲೇಷಣೆಯು ೧೪೦೦ ಮೆಗಾಹರ್ಟ್ಸ್ ಬಳಿ ಈ ಕ್ಷಯ ನೂರಕ್ಕೆ ೦.೬೭ ಮಾತ್ರವೆಂದಿತು, ಹಳೆಯ ಸೂತ್ರ ಅಲ್ಲಿ ೦.೯೩ ಎನ್ನುತ್ತದೆ. ಸೂತ್ರವನ್ನೇ ನೆಚ್ಚಿ ೨೦೨೦ರಲ್ಲಿ ಅಳೆದವನು ಮೂಲವನ್ನು ನೂರಕ್ಕೆ ಹತ್ತರಷ್ಟಾದರೂ ಕಡಮೆಯೆಂದೆಣಿಸಿ, ತನ್ನ ಆಂಟೆನವನ್ನು ಅಷ್ಟೂ ಹೆಚ್ಚಾಗಿ ಹೊಗಳಿಕೊಂಡಾನು. ಕ್ಷಯವನ್ನೇ ಮರೆತು ೧೯೮೦ರ ಬೆಲೆಯನ್ನು ಹಿಡಿದವನು ಕಾಲುಭಾಗ ಕೊರತೆಯೆಂದು ಸುಮ್ಮನೆ ಕೊರಗಿಯಾನು.

ಇನ್ನೊಂದು ತೊಡಕೂ ಉಂಟು. ಈ ಮೂಲ ಬಿಂದುವಲ್ಲ, ಸುಮಾರು ೫ ಕಲೆಗಳಷ್ಟು ಅಗಲ. ಎಫೆಲ್ಸ್‌ಬರ್ಗಿನ ೧೦೦ ಮೀಟರ್ ತಟ್ಟೆಯ ನೋಟ ೬ ಸೆಂಟಿಮೀಟರ್ ತರಂಗದಲ್ಲಿ ಇದರ ಅರ್ಧದಷ್ಟು ಮಾತ್ರ. ಅಲ್ಲಿ ಅದೇ ಪ್ರಬಂಧದ ಪಟ್ಟಿಯಲ್ಲಿರುವ ೩ಸಿ ೨೮೬ರಂಥ ಕಿರಿಯ ಮೂಲಗಳನ್ನೇ ನಾವು ಆಯ್ದುಕೊಳ್ಳುತ್ತೇವೆ.