ಪದದ ಮೂಲ, ಜನದ ಮೂಲ: ಎಡೆದೊರೆ ನಾಡಿನ ಇರಾನೀ ಪದಗಳನ್ನು ಕುರಿತು ಒಂದು ವಿಮರ್ಶೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ಇತಿಹಾಸ ಗ್ರಂಥಗಳು 'ರಾಯಚೂರು ದೋಆಬ್' ಎಂದು ಕರೆಯುತ್ತವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಇದರೊಳಗೆ ಸೇರಿವೆ. 'ದೋಆಬ್' ಪಾರಸಿ ಪದ. 'ದೋ' ಎಂದರೆ ಎರಡು, 'ಆಬ್' ಎಂದರೆ ನೀರು. ಶಾಸನಗಳಲ್ಲಿ ಇದೇ ಪ್ರದೇಶಕ್ಕೆ 'ಎಡೆದೊರೆ' ಎಂಬ ಕನ್ನಡ ಹೆಸರಿದೆ. ಅದರ ಅರ್ಥವೂ ನದಿಗಳ ನಡುವಣ ನಾಡು ಎಂದೇ. ಹೆಸರು ಕನ್ನಡದಿಂದ ಪಾರಸಿಗೆ ಬದಲಾದುದರಿಂದ ಅಲ್ಲಿಯ ಒಕ್ಕಲು ಬದಲಾಯಿತೆಂದು ಯಾರೂ ವಾದಿಸುವುದಿಲ್ಲ. ಆದರೆ ಇದೇ ನಾಡಿನ ಮಾತಿನಲ್ಲಿರುವ ಇರಾನೀ ಪದಗಳ ವಿಷಯ ಬಂದಾಗ ಈ ವಿವೇಕ ಉಳಿಯುವುದಿಲ್ಲ. ಪದ ಎಲ್ಲಿಂದ ಬಂತೆಂಬ ಪ್ರಶ್ನೆಗೆ ದೊರೆತ ಉತ್ತರವನ್ನು ಜನ ಎಲ್ಲಿಂದ ಬಂದರೆಂಬ ಪ್ರಶ್ನೆಗೂ ಉತ್ತರವೆಂದು ಬಳಸುವ ರೂಢಿ ನಮ್ಮ ಭಾಷಾಸಂಪರ್ಕದ ಬರಹಗಳಲ್ಲಿ ಬೇರೂರಿದೆ. ಈ ರೂಢಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪರಿಭಾಷೆಯ ಗೊಂದಲ

'ಇರಾನೀ' ಎಂಬುದು ಭಾಷಾವಿಜ್ಞಾನದಲ್ಲಿ ಒಂದು ಭಾಷಾವರ್ಗದ ಹೆಸರು. ಅದು ಒಂದು ದೇಶದ ಪ್ರಜೆಗಳ ಹೆಸರಲ್ಲ, ಒಂದು ಕುಲದ ಹೆಸರೂ ಅಲ್ಲ. ಆ ದೇಶವನ್ನು ಪರರಾಷ್ಟ್ರಗಳು 'ಇರಾನ್' ಎಂದೇ ಸಂಬೋಧಿಸಬೇಕೆಂಬ ಕೋರಿಕೆ ಬಂದದ್ದು 1935ರಲ್ಲಿ. ಭಾಷಾವರ್ಗದ ವ್ಯಾಪ್ತಿಯಾದರೋ ಇಂದಿನ ಇರಾನಿನ ಗಡಿಗಳನ್ನು ಬಹುದೂರ ಮೀರಿದೆ. ಪಾರಸಿ, ಕುರ್ದಿ, ಬಲೋಚಿ, ಗಿಲಕಿ, ಪಶ್ತೋ, ಕಾಕಸಸ್ ಪರ್ವತಪ್ರಾಂತದ ಒಸ್ಸೆಟಿಕ್, ಪಾಮೀರ್ ಕಣಿವೆಗಳ ನುಡಿಗಳು ಎಲ್ಲವೂ ಇದರಲ್ಲಿ ಸೇರುತ್ತವೆ. ಇರಾನಿನೊಳಗೇ ಇರುವ ಅಜರಬೈಜಾನಿ ಮಾತ್ರ ತುರ್ಕಿ ವರ್ಗದ್ದು. ಭಾರತದ ಪಾರ್ಸಿ ಸಮುದಾಯ ಇರಾನೀ ಮೂಲದ್ದಾದರೂ ಅದರ ಮನೆಮಾತು ಗುಜರಾತಿ. ಜನ ಮತ್ತು ಭಾಷೆ ಒಂದೇ ಗೆರೆಯ ಮೇಲೆ ಸಾಗುವುದಿಲ್ಲವೆಂಬುದಕ್ಕೆ ಇಷ್ಟೇ ಸಾಕು. ಗೊಂದಲ ಬೇಡವೆಂದು ನಾವು ಇಲ್ಲಿ ಭಾಷೆಗೆ 'ಪಾರಸಿ', ಸಮುದಾಯಕ್ಕೆ 'ಪಾರ್ಸಿ' ಎಂಬ ರೂಪಗಳನ್ನು ಬೇರೆಬೇರೆಯಾಗಿ ಬಳಸುತ್ತೇವೆ.

ಕನ್ನಡ ವ್ಯಾಕರಣ ಪರಂಪರೆಯ 'ಅನ್ಯದೇಶ್ಯ' ಎಂಬ ವಿಭಾಗ ಈ ವೈವಿಧ್ಯವನ್ನು ಕಾಣಲು ನೆರವಾಗುವುದಿಲ್ಲ. 'ತಹಸೀಲ್ದಾರ' ಪದದಲ್ಲಿ 'ತಹಸೀಲ್' ಅರಬ್ಬಿ, 'ದಾರ' ಪಾರಸಿ. 'ಗೈರುಹಾಜರಿ'ಯ ಎರಡು ಮುಖ್ಯ ಘಟಕಗಳೂ ಅರಬ್ಬಿ. 'ಬೇಜವಾಬ್ದಾರಿ'ಯಲ್ಲಿ 'ಜವಾಬ್' ಅರಬ್ಬಿ, ಉಳಿದುದು ಪಾರಸಿ. ಇವೆಲ್ಲವನ್ನೂ 'ಪಾರಸಿ ಪದ' ಎಂಬ ಒಂದೇ ಪಟ್ಟಿಯಲ್ಲಿ ಇಡುವವರು ದೂರದ ಮೂಲವನ್ನೂ ಹೇಳಿದಂತಾಗಲಿಲ್ಲ, ಹತ್ತಿರದ ದಾರಿಯನ್ನೂ ಹೇಳಿದಂತಾಗಲಿಲ್ಲ. ಈ ದೃಷ್ಟಿಯಿಂದ 1894ರ ಕಿಟೆಲ್ ನಿಘಂಟೇ ಹೆಚ್ಚು ಎಚ್ಚರದ್ದು. ಇಂತಹ ಪದಗಳಿಗೆ ಅದು ಹಿಂದೂಸ್ತಾನಿ, ಮರಾಠಿ ಎಂಬ ಗುರುತುಗಳನ್ನು ಕೊಡುತ್ತದೆ. ಅಂದರೆ ಪದ ಕನ್ನಡದ ಬಾಗಿಲಿಗೆ ಯಾರ ಕೈಯಿಂದ ಬಂತೆಂಬುದನ್ನು ಸೂಚಿಸುತ್ತದೆ. ಸಿಂಧನೂರಿನ ಗದ್ದೆಬಯಲಿನಲ್ಲಿ ದಿನವೂ ಕೇಳಿಬರುವ 'ಹಂಗಾಮು' ಪಾರಸಿಯ 'ಹಂಗಾಮ್' ನಿಂದ ಹೊರಟದ್ದು ನಿಜ. ಆದರೆ ಸುಗ್ಗಿಯ ಕಾಲವೆಂಬ ಕೃಷಿಸಂಬಂಧಿ ಅರ್ಥದೊಡನೆ ಅದು ಮರಾಠಿಯಲ್ಲಿಯೂ ನೆಲೆಯಾಗಿದೆ. ಆ ನಡುವಣ ನೆಲೆಯನ್ನು ಬಿಟ್ಟು ಬರೆದ ನಿರುಕ್ತ ಅಪೂರ್ಣ.

2. ಧ್ವನಿ ಹೇಳುವ ಸಾಕ್ಷ್ಯ

ಪದದ ಧ್ವನಿರೂಪವೇ ಅದರ ಶಾಖೆಯನ್ನು ತಿಳಿಸಬಲ್ಲದು. ಸಂಸ್ಕೃತದ 'ಹಸ್ತ', ಅವೆಸ್ತದ 'ಜ಼ಸ್ತ', ಪ್ರಾಚೀನ ಪಾರಸಿಯ 'ದಸ್ತ' ಜ್ಞಾತಿಪದಗಳು. ಉಳಿದ ಇರಾನೀ ಭಾಷೆಗಳು 'ಜ಼' ಕಾರವನ್ನು ತೋರುವ ಇಂತಹ ಕಡೆ 'ದ' ಕಾರವನ್ನು ತೋರುವುದು ನೈಋತ್ಯ ಶಾಖೆಯ ಲಕ್ಷಣ. 'ತಿಳಿ' ಎಂಬ ಕ್ರಿಯೆಗೆ ಪಾರಸಿಯಲ್ಲಿ 'ದಾನಿಸ್ತನ್', ಬಲೋಚಿಯಲ್ಲಿ 'ಜ಼ಾನಗ್', ಕುರ್ದಿಯಲ್ಲಿ 'ಜ಼ಾನೀನ್' ಇರುವುದೂ ಇದೇ ನಿಯಮದಿಂದ. ನಮ್ಮ ಪೊಲೀಸ್ ಠಾಣೆಯ 'ದಸ್ತಗಿರಿ', ನೋಂದಣಿ ಕಚೇರಿಯ 'ದಸ್ತಾವೇಜು' ಈ ನೈಋತ್ಯದ 'ದ' ಕಾರವನ್ನೇ ಹೊತ್ತಿವೆ. 'ದಸ್ತಗಿರಿ'ಯ ಮೂಲಾರ್ಥ ಕೈಹಿಡಿಯುವುದು. ಹಾಗಾದರೆ ನೈಋತ್ಯ ಇರಾನಿನ ಜನ ಲಿಂಗಸುಗೂರಿಗೆ ಬಂದು ನೆಲಸಿದರೆ? ಧ್ವನಿನಿಯಮ ಹಾಗೆ ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ಪದವನ್ನು ಕೊಟ್ಟದ್ದು ಬರವಣಿಗೆಯ ಪಾರಸಿ.

3. ಬಂದ ಜನ, ಬಾರದ ಭಾಷೆ

ಇರಾನೀ ಭಾಷಿಕರು ದಖನ್ನಿಗೆ ಬಂದದ್ದುಂಟು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ ಕ್ಯಾಸ್ಪಿಯನ್ ತೀರದ ಗಿಲಾನಿನವನು; ಬೀದರಿನ ಮದರಸಾ ಆತನು 1472ರಲ್ಲಿ ಕಟ್ಟಿಸಿದ್ದು. ಗಿಲಾನಿನ ನಾಡನುಡಿ ಗಿಲಕಿ. ಅದು ಪಾರಸಿಯ ಉಪಭಾಷೆಯಲ್ಲ, ವಾಯವ್ಯ ಶಾಖೆಯ ಬೇರೆಯೇ ಭಾಷೆ. ಆದರೆ ಗವಾನ್ ತನ್ನ ಪತ್ರಗಳನ್ನು ಬರೆದದ್ದು ಪಾರಸಿಯಲ್ಲಿ. ಸವಣೂರಿನ ನವಾಬರು ಮಿಯಾನ ಪಠಾಣರು; ಅವರ ಪೂರ್ವಿಕರ ಪಶ್ತೋ ಪೂರ್ವ ಇರಾನೀ ಶಾಖೆಗೆ ಸೇರುತ್ತದೆ. ಪ್ರಾಚೀನ ದಕಾರವನ್ನು ಲಕಾರವಾಗಿಸಿ ಹತ್ತಕ್ಕೆ 'ಲಸ್' ಎನ್ನುವ ಈ ಭಾಷೆಯ ವಿಶಿಷ್ಟ ಧ್ವನಿರೂಪಗಳು ಕನ್ನಡದ ಆಡಳಿತ ಪದಗಳಲ್ಲಿ ಕಾಣುವುದಿಲ್ಲ. 'ದ' ಕಾರದ ಪಾರಸಿ ರೂಪಗಳೇ ಎಲ್ಲೆಡೆ ಇವೆ. ಜನ ಬಂದರು, ಅವರ ಮನೆಮಾತು ನಮ್ಮ ಪದಕೋಶಕ್ಕೆ ಬರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಸಾಕ್ಷ್ಯವೂ ಉಂಟು. ಬಿಜಾಪುರದ 1ನೆಯ ಇಬ್ರಾಹಿಂ ಆದಿಲ್‌ಶಾಹ (1534–1558) ಲೆಕ್ಕಪತ್ರಗಳನ್ನು ಪಾರಸಿಯಿಂದ 'ಹಿಂದವಿ'ಗೆ ಬದಲಿಸಿ ಬ್ರಾಹ್ಮಣ ಲೆಕ್ಕಿಗರಿಗೆ ಒಪ್ಪಿಸಿದನೆಂದು ಫರಿಶ್ತಾ ದಾಖಲಿಸುತ್ತಾನೆ. ಈ 'ಹಿಂದವಿ'ಯನ್ನು ಸಾಮಾನ್ಯವಾಗಿ ಮರಾಠಿಯೆಂದು ಗ್ರಹಿಸಲಾಗಿದೆ. ಕಡತದ ಭಾಷೆ ಬದಲಾದರೂ ಕಂದಾಯದ ಪಾರಸಿ ಪರಿಭಾಷೆ ಅಳಿಯಲಿಲ್ಲ. ಇರಾನನ್ನು ಎಂದೂ ಕಾಣದ ಲೆಕ್ಕಿಗರ ಲೇಖನಿಯಿಂದಲೇ ಅದು ಹಳ್ಳಿಗಳಿಗೆ ಇಳಿಯಿತು. ಹೈದರಾಬಾದ್ ಸಂಸ್ಥಾನದಲ್ಲಿ ಪಾರಸಿಯ ಸ್ಥಾನವನ್ನು ಉರ್ದು ಪಡೆದದ್ದು 1880ರ ದಶಕದಲ್ಲಿ. ಆಗಲೂ ಪಾರಸಿ ಪದಗಳು ಉರ್ದುವಿನ ಮೂಲಕ ಮುಂದುವರಿದವು. ಕೊನೆಗೆ 'ದಾರ' ಪ್ರತ್ಯಯ 'ಪಾಲುದಾರ', 'ಗುತ್ತಿಗೆದಾರ' ಎಂಬಲ್ಲಿ ಅಚ್ಚಗನ್ನಡ ಪ್ರಕೃತಿಗಳಿಗೂ ಹತ್ತಿತು. ಇಂತಹ ಪದವನ್ನು ಹುಟ್ಟಿಸಿದವರು ಕನ್ನಡಿಗರೇ.

4. ಹೋಲಿಕೆಯ ಆಮಿಷ

ಸದೃಶ ರೂಪಗಳನ್ನು ಕಂಡೊಡನೆ ವಲಸೆಯ ಕಥೆ ಕಟ್ಟುವ ಪ್ರವೃತ್ತಿ ಹೊಸದಲ್ಲ. 'ಪಲ್ಲವ' ಮತ್ತು 'ಪಹ್ಲವ' ಪದಗಳ ಹೋಲಿಕೆಯ ಬಲದಿಂದ ಕಂಚಿಯ ಪಲ್ಲವರು ಪಾರ್ಥಿಯದಿಂದ ಬಂದವರೆಂದು ಹಿಂದಿನ ಕೆಲವು ವಿದ್ವಾಂಸರು ವಾದಿಸಿದ್ದರು. ಈ ವಾದಕ್ಕೆ ಪಲ್ಲವರ ಶಾಸನಗಳ ಬೆಂಬಲವಿಲ್ಲ. ಇದಕ್ಕೆ ಪ್ರತಿಯಾಗಿ, ರುದ್ರದಾಮನನ ಜುನಾಗಢ ಶಾಸನ ಸುವಿಶಾಖನೆಂಬ ಅಮಾತ್ಯನನ್ನು ಸ್ಪಷ್ಟವಾಗಿ ಪಹ್ಲವನೆಂದು ಕರೆಯುತ್ತದೆ. ಆತನ ಹೆಸರು ಸಂಸ್ಕೃತ, ಶಾಸನದ ಭಾಷೆಯೂ ಸಂಸ್ಕೃತ. ನಾಮಸಾದೃಶ್ಯವಿದ್ದಲ್ಲಿ ಇರಾನೀ ಮೂಲಕ್ಕೆ ಆಧಾರವಿಲ್ಲ. ಇರಾನೀ ಮೂಲಕ್ಕೆ ಆಧಾರವಿದ್ದಲ್ಲಿ ಹೆಸರಿನಲ್ಲಿ ಅದರ ಸುಳಿವಿಲ್ಲ.

'ಗಾರ' ಪ್ರತ್ಯಯವೂ ಹೀಗೆಯೇ ದಾರಿ ತಪ್ಪಿಸಬಲ್ಲದು. ಪಾರಸಿಯ 'ಗರ್', 'ಗಾರ್' ಗಳನ್ನು ಅದು ಹೋಲುತ್ತದೆ. ಆದರೆ ಬಹಮನಿ ಕಾಲಕ್ಕೆ ಬಹಳ ಹಿಂದೆಯೇ ಅದು ಕನ್ನಡದಲ್ಲಿದೆ, ಮತ್ತು ಸಂಸ್ಕೃತದ 'ಕಾರ'ದಿಂದ ಬಂದದ್ದು. ಹೋಲಿಕೆಗೆ ಕಾರಣ ಹಿಂದೂ-ಇರಾನೀ ಜ್ಞಾತಿತ್ವವೇ ಹೊರತು ಎರವಲು ಅಲ್ಲ. ಇನ್ನು 'ಸಿಂಧು' ಪದ ಇರಾನೀ ಧ್ವನಿನಿಯಮದಂತೆ 'ಹಿಂದು' ಆದುದನ್ನು ನೆನೆದು ಸಿಂಧನೂರನ್ನೂ ಆ ಚರ್ಚೆಗೆ ಎಳೆಯುವುದು ಸಲ್ಲದು. ನೆರೆಯ ಯಲಬುರ್ಗಿಯಲ್ಲಿ ಆಳಿದ ಸಿಂದ ಮನೆತನವನ್ನೂ ಊರಿನ ಹೆಸರಿನ ಶಾಸನರೂಪಗಳನ್ನೂ ಪರಿಶೀಲಿಸದೆ ಸಿಂಧೂನದಿಯವರೆಗೆ ಹೋಗುವುದು ನಿರುಕ್ತವಲ್ಲ.

5. ಲಿಪಿಕಾರ ಚಪಡ ಮತ್ತು ಕಂದಹಾರ

1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನ 'ದೇವಾನಾಂಪ್ರಿಯ'ನು ಅಶೋಕನೇ ಎಂಬುದನ್ನು ಹೆಸರಿಟ್ಟು ತಿಳಿಸಿತು. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿಯೂ ಆ ಹೆಸರಿದೆ. ಇದೇ ವರ್ಗಕ್ಕೆ ಸೇರಿದ ಬ್ರಹ್ಮಗಿರಿ ಶಾಸನವನ್ನು ಬರೆದ ಚಪಡ, 'ಲಿಪಿಕರೇಣ' ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಅರಾಮಿಕ್ ಲಿಪಿಯಿಂದ ಹುಟ್ಟಿದ್ದು. ಅರಾಮಿಕ್ ಅಖಮೇನಿ ಸಾಮ್ರಾಜ್ಯದ ಆಡಳಿತ ಭಾಷೆ. 'ಲಿಪಿ' ಪದವೂ ಅದೇ ದಾರಿಯದು. ವಾಯವ್ಯದ ಶಾಹಬಾಜಗಢಿ ಶಾಸನದಲ್ಲಿ ಅದು 'ದಿಪಿ'. ಪ್ರಾಚೀನ ಪಾರಸಿಯ 'ದಿಪಿ' ಎಲಾಮಿನ ಮೂಲಕ ಮೆಸೊಪೊಟೇಮಿಯದ ಮಣ್ಣಿನ ಫಲಕದ ಹೆಸರಿಗೆ ಹೋಗಿ ಸೇರುತ್ತದೆ. ನಾವು ತತ್ಸಮವೆಂದು ನಿಸ್ಸಂದೇಹವಾಗಿ ಬರೆಯುವ ಪದ ಹೀಗೆ ಇರಾನೀ ಎರವಲು. ಆದರೂ 'ಲಿಪಿ'ಯ ಬಲದಿಂದ ಕನ್ನಡ ನಾಡಿನಲ್ಲಿ ಇರಾನೀ ವಲಸೆಯನ್ನು ಯಾರೂ ಊಹಿಸುವುದಿಲ್ಲ. 'ದಸ್ತಗಿರಿ'ಗೂ ಇದೇ ನ್ಯಾಯ ಸಲ್ಲಬೇಕು.

1958ರಲ್ಲಿ ಕಂದಹಾರದಲ್ಲಿ ದೊರೆತ ಅಶೋಕನ ದ್ವಿಭಾಷಾ ಶಾಸನ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅದರ ಭಾಷೆಗಳು ಗ್ರೀಕ್ ಮತ್ತು ಅರಾಮಿಕ್. ಅರಾಮಿಕ್ ಪಾಠದಲ್ಲಿ ಇರಾನೀ ಪದಗಳು ನುಸುಳಿವೆ. ಇರಾನೀ ಮಾತಾಡುವ ನಾಡಿನಲ್ಲಿ ಅಂದು ಅರಾಮಿಕ್ ಏನಾಗಿತ್ತೋ ಎಡೆದೊರೆಯಲ್ಲಿ ಮುಂದೆ ಪಾರಸಿ ಅದೇ ಆಯಿತು: ಕಚೇರಿಯ ಭಾಷೆ.

6. ದ್ರಾವಿಡ ಭಾಷಾಧ್ಯಯನಕ್ಕೆ ಪಾಠ

ಬಲೂಚಿಸ್ತಾನದ ಬ್ರಾಹುಯಿ ನಮ್ಮದೇ ವರ್ಗದ ಭಾಷೆ. ಅದರ ಸುತ್ತ ಬಲೋಚಿ ಇದೆ. ಇಂದು ಇರಾನೀ ಪ್ರದೇಶದ ಆಗ್ನೇಯದಲ್ಲಿರುವ ಬಲೋಚಿ ವಾಯವ್ಯ ಶಾಖೆಗೆ ಸೇರುವುದೇ ಅದರ ಭಾಷಿಕರ ಹಳೆಯ ಚಲನೆಯನ್ನು ಸೂಚಿಸುತ್ತದೆ. ಬ್ರಾಹುಯಿಯನ್ನು ಪ್ರಾಚೀನ ದ್ರಾವಿಡದ ಅವಶೇಷವೆಂದು ಬಗೆದವರಿಗೆ ಎದುರಾಗಿ ಎಲ್ಫೆನ್‌ಬೈನ್ ತೋರಿಸಿದ್ದು ಇರಾನೀ ಎರವಲುಗಳ ಪದರವನ್ನು: ಅವು ಮುಖ್ಯವಾಗಿ ಬಲೋಚಿಯವು, ಅವೆಸ್ತದಷ್ಟು ಹಳೆಯ ಪದರ ಅಲ್ಲಿಲ್ಲ. ಆದ್ದರಿಂದ ಬ್ರಾಹುಯಿ ಅಲ್ಲಿಗೆ ಸಾವಿರ ವರ್ಷಗಳೀಚೆಗೆ ಬಂದಿರಬೇಕೆಂದು ಅವರ ವಾದ. ಆ ತೀರ್ಮಾನವನ್ನು ಒಪ್ಪದವರೂ ಅದರ ವಿಧಾನವನ್ನು ಗಮನಿಸಬೇಕು. ಎರವಲುಗಳ ಸಂಖ್ಯೆಯನ್ನಲ್ಲ, ಅವುಗಳ ಶಾಖೆಯನ್ನೂ ಪದರವನ್ನೂ ಅವರು ಪ್ರಶ್ನಿಸಿದರು. ಅಲ್ಲಿ ಬ್ರಾಹುಯಿ ಮಾತಾಡುವ ಅನೇಕರು ತಮ್ಮನ್ನು ಬಲೋಚರೆಂದೇ ಗುರುತಿಸಿಕೊಳ್ಳುವುದನ್ನೂ ಮರೆಯುವಂತಿಲ್ಲ.

ನಮ್ಮ ಸೂಚನೆ ಇಷ್ಟು. ಪ್ರತಿ ಎರವಲು ಪದಕ್ಕೂ ದೂರದ ಮೂಲ, ಕನ್ನಡಕ್ಕೆ ಕೊಟ್ಟ ಹತ್ತಿರದ ಭಾಷೆ, ಬಳಕೆಗೆ ಬಂದ ಕ್ಷೇತ್ರ ಎಂಬ ಮೂರನ್ನೂ ಪ್ರತ್ಯೇಕವಾಗಿ ನಮೂದಿಸಬೇಕು. ಜನರ ಮೂಲದ ಪ್ರಶ್ನೆಯನ್ನು ಶಾಸನ, ದಾಖಲೆ, ಸಮುದಾಯದ ಸ್ವಂತ ನೆನಪುಗಳಿಗೆ ಬಿಡಬೇಕು. ಇದು ಕೇವಲ ನಿಘಂಟುಕಾರರ ಶಿಸ್ತಿನ ವಿಷಯವಲ್ಲ. ಪದಕ್ಕೆ ಹಚ್ಚಿದ 'ಪರಕೀಯ' ಎಂಬ ಗುರುತು ಆ ಪದವನ್ನಾಡುವ ಮನುಷ್ಯನಿಗೂ ಸುಲಭವಾಗಿ ಹತ್ತುತ್ತದೆ. ಮುದಗಲ್ಲಿನ ಕೋಟೆಯಲ್ಲಿ ಕನ್ನಡ ಶಾಸನಗಳೂ ಪಾರಸಿ ಶಾಸನಗಳೂ ಇವೆ. ಆ ಊರಿನ ಸಂತೆಯಲ್ಲಿ 'ಆರಾಮ', 'ಜೋರು', 'ಜಮೀನು' ಎನ್ನುವವರು ಎಲ್ಲ ಸಮುದಾಯಗಳವರು. ಆ ಪದಗಳಿಂದ ನಾಡಿನ ಕಚೇರಿಯ ಇತಿಹಾಸವನ್ನು ಓದಬಹುದು, ಆಡುವವರ ವಂಶಾವಳಿಯನ್ನಲ್ಲ.