ಬಿಳಿಗೆರೆಯ ಬ್ಲಾಂಚ್ ಲಜೆಲ್

ಅಮೆರಿಕದ ಕಲಾಚರಿತ್ರೆಯಲ್ಲಿ ಬ್ಲಾಂಚ್ ಲಜೆಲ್ (1878–1956) ಹೆಸರು ಕಾಣುವುದೇ ಅಪರೂಪ. ಕಂಡರೂ ಯಾರದೋ ಬೆನ್ನ ಹಿಂದೆ. ಪ್ರಾವಿನ್ಸ್‌ಟೌನ್ ಊರಿನ ಬಿಳಿಗೆರೆಯ ಮರದಚ್ಚಿನ ತಂತ್ರ ಹುಟ್ಟಿಸಿದ ಹಿರಿಮೆ ಕಲಾವಿದ ನಾರ್ಡ್‌ಫೆಲ್ಟ್‌ಗೆ ಸಂದಿತು. 1916ರಲ್ಲಿ ಅದನ್ನು ಆಕೆಗೆ ಕಲಿಸಿದ್ದು ಆಲಿವರ್ ಚಾಫಿ. ಕ್ಯೂಬಿಸಂ ಶೈಲಿ ಪ್ಯಾರಿಸ್ಸಿನ ಚಿತ್ರಕಾರ ಗ್ಲೇಜ್ ಕೊಟ್ಟದ್ದು. ಹೀಗೆ ಗುರುಗಳಿಗೆಲ್ಲ ಪಾಲು ಹಂಚಿ ಮುಗಿಸುವಷ್ಟರಲ್ಲಿ ಶಿಷ್ಯೆಗೆ ಏನೂ ಉಳಿದಿರುವುದಿಲ್ಲ. ಈ ಲೆಕ್ಕವೇ ತಪ್ಪು.

ಜಪಾನೀ ಮರದಚ್ಚಿನ ಪದ್ಧತಿಯಲ್ಲಿ ಬಣ್ಣಕ್ಕೊಂದು ಹಲಗೆ ಬೇಕು. ಬಿಳಿಗೆರೆಯ ಅಚ್ಚಿನಲ್ಲಿ ಎಲ್ಲಕ್ಕೂ ಒಂದೇ. ಆಕಾರಗಳ ನಡುವೆ ಸಣ್ಣ ಕೊರಕಲು ತೆಗೆದು, ಒಂದೊಂದು ಭಾಗಕ್ಕೆ ಕುಂಚದಿಂದ ಜಲವರ್ಣ ಹಚ್ಚಿ, ಒಂದಂಚಿನಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದವನ್ನು ಮಗುಚಿ ಅದರ ಬೆನ್ನ ಮೇಲೆ ಉಜ್ಜಬೇಕು. ಬಣ್ಣ ತಗಲದ ಕೊರಕಲು ಬಿಳಿಗೆರೆಯಾಗಿ ಉಳಿಯುತ್ತದೆ. ಹಲವರ ಕೈಯಲ್ಲಿ ಅದು ಬಣ್ಣಗಳು ಬೆರೆಯದಿರಲೆಂದು ಹಾಕಿದ ಗದ್ದೆಯ ಬದು, ಅಷ್ಟೆ. ಲಜೆಲ್ ಕೈಯಲ್ಲಿ ಅದೇ ರಚನೆ. ಹತ್ತಿರದ ಸೂರಿಗೂ ದೂರದ ಆಕಾಶಕ್ಕೂ ಗೆರೆಯ ತೂಕ ಒಂದೇ ಆದಾಗ ಹಿಂದು ಮುಂದುಗಳೆರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಆಳ ತೋರುವ ಹೊಣೆ ಪೂರ್ತಿ ಬಣ್ಣದ ಮೇಲೆ ಬೀಳುತ್ತದೆ. ಕ್ಯೂಬಿಸ್ಟರು ವಾದ ಹೂಡಿ ತಲುಪಿದ ಜಾಗಕ್ಕೆ ಆಕೆ ಉಳಿ ಹಿಡಿದು ತಲುಪಿದಳು. ಆಕೆಯ ಮರದಚ್ಚು ‘ದ ಮನಾಂಗಹೀಲ’ 1919ರದು; ಪ್ಯಾರಿಸ್ಸಿನ ಚಿತ್ರಕಾರರಾದ ಲೆಜೆ, ಲೋತ್, ಗ್ಲೇಜ್ ಬಳಿ ಓದಲು ಹೋದದ್ದು 1923ರಲ್ಲಿ. 1912ರಲ್ಲೇ ಆಕೆ ಪ್ಯಾರಿಸ್ ಕಂಡಿರಲಿಲ್ಲವೇ ಎಂದು ಕೇಳುವವರುಂಟು. ಕಂಡಿದ್ದಳು. ಪ್ಯಾರಿಸ್ ಕಂಡವರೆಲ್ಲ ಹೀಗೆ ಕೊರೆಯಲಿಲ್ಲವಲ್ಲ!

ಇನ್ನೊಂದು ಆಕ್ಷೇಪ, ಹೂವು ಹೂದಾನಿಗಳ ಈ ಕಲೆ ಬರಿಯ ಅಲಂಕಾರ ಎಂಬುದು. ಕೆಲವು ಚಿತ್ರಗಳಲ್ಲಿ ಸಿಹಿ ಹೆಚ್ಚಾಗಿರುವುದು ನಿಜ. ಆದರೆ ಮೇಜಿನ ಮೇಲೆ ಗಿಟಾರು, ಬಾಟಲಿ ಇಟ್ಟ ಗಂಡಸರನ್ನು ಕ್ರಾಂತಿಕಾರರೆಂದು ಕರೆದ ವಿಮರ್ಶಕರು, ಅದೇ ಮೇಜಿನ ಮೇಲೆ ಟ್ಯುಲಿಪ್ ಕಂಡಾಗ ಮಾತ್ರ ಮೂಗು ಮುರಿಯುವುದು ವಿಮರ್ಶೆಯಲ್ಲ, ಅಭ್ಯಾಸಬಲ. ಯಾರು ಮೊದಲು ಕಂಡುಹಿಡಿದರೆಂಬ ಜಗಳವೂ ಅಷ್ಟೇ ಬರಡು. ತಂತ್ರ ಹುಟ್ಟಿಸಿದವನು ಅದನ್ನು ಬೇಗ ಕೈಬಿಟ್ಟ. ಈಕೆ ದಶಕಗಳ ಕಾಲ ಕೊರೆದಳು.

ಪ್ರತಿ ಸಲವೂ ಬಣ್ಣ ಹೊಸದಾಗಿ ಹಚ್ಚುವುದರಿಂದ ಒಂದೇ ಹಲಗೆಯ ಎರಡು ಪ್ರತಿಗಳು ಒಂದೇ ಆಗಿರುವುದಿಲ್ಲ. ಸಂಗ್ರಹಾಲಯಗಳು ಒಂದೊಂದೇ ಪ್ರತಿಯನ್ನು ಗಾಜಿನ ಹಿಂದೆ ನೇತುಹಾಕಿದರೆ ಲಜೆಲ್ ಸಾಧನೆ ಅರ್ಧವೂ ಕಾಣದು. ಜೋಡಿ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಸಾಧ್ಯವಾದರೆ ಹಲಗೆಯನ್ನೂ ಜೊತೆಗಿಟ್ಟು ತೋರಿಸಲಿ.